ಕೋಲಾರದ ನೀರಲ್ಲಿ ಕಾರು ತೊಳೆಯುವವರಿಗೆ ಒಂದಿಷ್ಟು ರಸಾಯನಶಾಸ್ತ್ರ

"ಕಾರಿಗೆ ಯಾವ ಶಾಂಪೂ ಒಳ್ಳೇದು?" ಅಂತ ಕೇಳುವವರೇ ಜಾಸ್ತಿ. ಉತ್ತರ ಹೇಳುವ ಮುಂಚೆ ಇನ್ನೆರಡು ಪ್ರಶ್ನೆ ಕೇಳಬೇಕಾಗುತ್ತದೆ. ಕಾರಿನ ಮೇಲೆ ಕೂತಿರುವ ಕೊಳೆ ಯಾವುದು? ಅದು ಕೂತಿರುವುದು ಯಾವುದರ ಮೇಲೆ, ಪೇಂಟಾ, ಗಾಜಾ, ಅಲ್ಯೂಮಿನಿಯಮ್ಮಾ, ಪ್ಲಾಸ್ಟಿಕ್ಕಾ? ಇವೆರಡು ಗೊತ್ತಾದರೆ ಬ್ರ್ಯಾಂಡ್ ಹೆಸರನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಗೊತ್ತಿಲ್ಲದಿದ್ದರೆ ಎಷ್ಟೇ ದುಬಾರಿ ಬಾಟಲಿ ತಂದರೂ ಅಲಾಯ್ ವೀಲ್ ಮಂಕಾಗುವುದು, ಹೆಡ್‌ಲೈಟ್ ಬಿರುಕು ಬಿಡುವುದು, ಬಾನೆಟ್ ತುಂಬ ಬಿಳಿ ಚುಕ್ಕೆ ಉಳಿಯುವುದು ತಪ್ಪುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಮೂರನೆಯ ಪ್ರಶ್ನೆಯೂ ಇದೆ: ನೀರು ಯಾವುದು? ನಮ್ಮಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಇಲ್ಲಿ ಯಾರಿಗೂ ಹೊಸದಲ್ಲ. ಅಷ್ಟು ಆಳದ ಬಂಡೆಯ ಸಂದಿಯಿಂದ ಬರುವ ನೀರು ಬರಿಗೈಲಿ ಬರುವುದಿಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ, ಫ್ಲೋರೈಡ್ ಎಲ್ಲವನ್ನೂ ಕರಗಿಸಿಕೊಂಡು ಬರುತ್ತದೆ. ಬೇಳೆ ಬೇಯದ ನೀರು ಅಂತ ಮನೆಯಲ್ಲಿ ಬೈಯುತ್ತೇವಲ್ಲ, ಅದೇ ನೀರಲ್ಲಿ ಕಾರು ತೊಳೆಯುತ್ತಿದ್ದೇವೆ.

ವಿಷಯ ಕಷ್ಟದ್ದಲ್ಲ. ಅರ್ಧ ನಿಮಗೆ ಆಗಲೇ ಗೊತ್ತು. ಹಿತ್ತಾಳೆ ಚೊಂಬಿನ ಕಿಲುಬಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ಅದು ಲೋಹದ ಆಕ್ಸೈಡನ್ನು ಕರಗಿಸುತ್ತದೆ. ಜಿಡ್ಡಿನ ಪಾತ್ರೆಗೆ ಹುಣಸೆ ಹಾಕುವುದಿಲ್ಲ, ಒಲೆಯ ಬೂದಿ ಹಾಕುತ್ತಿದ್ದರು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ಅದು ಕ್ಷಾರ, ಎಣ್ಣೆಯನ್ನು ಒಡೆದು ಸ್ವಲ್ಪ ಸ್ವಲ್ಪ ಸೋಪನ್ನಾಗಿಯೇ ಮಾಡಿಬಿಡುತ್ತದೆ. ತಲೆಯ ಎಣ್ಣೆಗೆ ಸೀಗೆಕಾಯಿ. ಅದರಲ್ಲಿರುವ ಸಾಪೊನಿನ್ ಎಣ್ಣೆಯನ್ನು ಒಡೆಯುವುದಿಲ್ಲ, ಎತ್ತಿ ನೀರಿಗೆ ದಾಟಿಸುತ್ತದೆ. ಇನ್ನು ಹೊಸ ರಸ್ತೆಯ ಟಾರು ಕಾಲಿಗೆ ಅಂಟಿದರೆ ಸೀಮೆಎಣ್ಣೆ.

ಕಾರ್ ಕ್ಲೀನಿಂಗ್ ಅಂಗಡಿಯಲ್ಲಿ ಬಣ್ಣಬಣ್ಣದ ಬಾಟಲಿ ಎಷ್ಟೇ ಇರಲಿ, ಒಳಗೆ ನಡೆಯುವ ಕೆಲಸ ಹೆಚ್ಚಾಗಿ ಈ ನಾಲ್ಕೇ. ಆಮ್ಲ ಖನಿಜದ ಕಲೆಗೆ, ಕ್ಷಾರ ಜಿಡ್ಡಿಗೆ, ಸರ್ಫ್ಯಾಕ್ಟಂಟ್ ಅಂದರೆ ನೊರೆ ಕೊಡುವ ವಸ್ತು ಎಲ್ಲ ಸಾಧಾರಣ ಕೊಳೆಗೆ, ಸಾಲ್ವೆಂಟ್ ಟಾರು, ಅಂಟು, ಸೊನೆಗೆ. ಹಿತ್ತಾಳೆಗೆ ಬೂದಿ ಹಾಕಿ ಕಿಲುಬು ಹೋಗಲಿಲ್ಲ ಅಂದರೆ ಬೂದಿಯ ತಪ್ಪಲ್ಲ ಅಲ್ವಾ? ಹಾಗೇ ಬೋರ್ ನೀರಿನ ಬಿಳಿ ಕಲೆಗೆ ಶಾಂಪೂ ಮೇಲೆ ಶಾಂಪೂ ಹಾಕಿದರೆ ಅದು ಹೋಗುವುದಿಲ್ಲ.

ಪಿಎಚ್ ಅಂದರೆ ಏನು, ಅರಿಶಿನದಲ್ಲಿ ನೋಡುವುದು ಹೇಗೆ

ಬಾಟಲಿಯ ಮೇಲೆ "ಪಿಎಚ್ ನ್ಯೂಟ್ರಲ್" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಪಿಎಚ್ ಅನ್ನುವುದು ಸಾಮಾನ್ಯವಾಗಿ 0ಯಿಂದ 14ರವರೆಗಿನ ಅಳತೆ. 7 ನಡುವೆ, ಅದೇ ನ್ಯೂಟ್ರಲ್. 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಇದರಲ್ಲಿ ಬಹಳ ಜನ ಮರೆಯುವ ಸಂಗತಿ ಏನೆಂದರೆ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಶಾಂಪೂ 7, ಬಟ್ಟೆ ತೊಳೆಯುವ ಸೋಡಾ ನೀರು 11 ಅಂದರೆ ನಾಲ್ಕು ಅಂಕಿ ಅಷ್ಟೇ ತಾನೇ ಅನಿಸುತ್ತದೆ, ಆದರೆ ಕ್ಷಾರತೆ ಹತ್ತು ಸಾವಿರ ಪಟ್ಟು.

ಇದನ್ನು ಮನೆಯಲ್ಲೇ ನೋಡಬಹುದು. ಆರತಿಗೆ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದು ಶುದ್ಧ ಪಿಎಚ್ ಪರೀಕ್ಷೆ. ಅರಿಶಿನದ ಕರ್ಕ್ಯುಮಿನ್ ಆಮ್ಲದಲ್ಲೂ ನ್ಯೂಟ್ರಲ್‌ನಲ್ಲೂ ಹಳದಿಯಾಗಿಯೇ ಇರುತ್ತದೆ, ಪಿಎಚ್ 8 ದಾಟಿ 9ರ ಕಡೆ ಹೋದಂತೆ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ಅಂಗಿಯ ಮೇಲಿನ ಸಾರಿನ ಕಲೆ ಬಟ್ಟೆ ಸೋಪು ತಾಕಿದ ಕೂಡಲೇ ಕೆಂಪಾಗುವುದೂ ಇದಕ್ಕೇ.

ಒಂದು ಚಿಟಿಕೆ ಅರಿಶಿನವನ್ನು ಸ್ವಲ್ಪ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಕರ್ಕ್ಯುಮಿನ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಕಾಗದವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ನಿಮ್ಮ ಶಾಂಪೂವನ್ನು ಹೇಗೆ ನೀರಿಗೆ ಬೆರೆಸಿ ಬಳಸುತ್ತೀರೋ ಹಾಗೇ ಬೆರೆಸಿ ಒಂದು ಹನಿ ಹಾಕಿ. ಹಳದಿಯಾಗಿಯೇ ಉಳಿದರೆ ಅದು ಜೋರು ಕ್ಷಾರವಲ್ಲ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಮೇಲೆ ಏನೇ ಬರೆದಿದ್ದರೂ ನ್ಯೂಟ್ರಲ್ ಅಲ್ಲ. ಆಮ್ಲ ಇದೆಯಾ ಅಂತ ನೋಡಲು ಅರಿಶಿನ ಆಗುವುದಿಲ್ಲ, ಕೆಂಪು ದಾಸವಾಳದ ಎಸಳನ್ನು ಬಿಸಿನೀರಲ್ಲಿ ನೆನೆಸಿದ ರಸ ಬೇಕು. ಅದು ಆಮ್ಲಕ್ಕೆ ಗಾಢ ಗುಲಾಬಿ, ಕ್ಷಾರಕ್ಕೆ ಹಸಿರು. ಪ್ರೌಢಶಾಲೆಯ ಮಕ್ಕಳಿದ್ದರೆ ಅವರ ಕೈಲೇ ಮಾಡಿಸಿ, ವಿಜ್ಞಾನದ ಪಾಠದಲ್ಲಿ ಇದು ಇದ್ದೇ ಇರುತ್ತದೆ. ಆದರೆ ಟಾಯ್ಲೆಟ್ ಕ್ಲೀನರ್, ವೀಲ್ ಕ್ಲೀನರ್‌ಗಳನ್ನು ಮಕ್ಕಳ ಕೈಗೆ ಕೊಡಬೇಡಿ.

ವಾಟರ್ ಸರ್ವಿಸ್ ಅಂಗಡಿಗಳಲ್ಲಿ ದೊಡ್ಡ ಕ್ಯಾನಿನಿಂದ ಸುರಿಯುವ ಲೂಸ್ ಫೋಮ್‌ಗೂ ಈ ಪರೀಕ್ಷೆ ಮಾಡಬಹುದು. ಕ್ಷಾರ ಸೇರಿಸಿದ ಫೋಮ್ ಕೊಳೆಯನ್ನು ಬೇಗ ಎತ್ತುತ್ತದೆ, ಕೈ ಹಚ್ಚುವ ಕೆಲಸ ಕಡಿಮೆಯಾಗುತ್ತದೆ, ಅದಕ್ಕೇ ಬಳಸುತ್ತಾರೆ. ಅಪರೂಪಕ್ಕೊಮ್ಮೆ, ನೆರಳಲ್ಲಿ, ಒಣಗಲು ಬಿಡದೆ ತೊಳೆದರೆ ಕಂಪನಿ ಪೇಂಟ್ ಅದನ್ನು ತಡೆದುಕೊಳ್ಳುತ್ತದೆ. ಮೇಲಿನ ವ್ಯಾಕ್ಸ್ ತಡೆದುಕೊಳ್ಳುವುದಿಲ್ಲ. ಕಿಟಕಿ ಸುತ್ತ ಇರುವ ಅಲ್ಯೂಮಿನಿಯಂ ಪಟ್ಟಿಯಂತೂ ಬಿಳಿಚಿಕೊಂಡು ಕಲೆ ಕಟ್ಟುತ್ತದೆ.

ಪಿಎಚ್ ನೋಡಿ ಪೂರ್ತಿ ನಿರ್ಧಾರ ಮಾಡಬೇಡಿ

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ತಿಳಿದವರೂ ಎಡವುವ ಜಾಗ ಇದು. ಪಿಎಚ್ ಹೇಳುವುದು ಈ ಕ್ಷಣಕ್ಕೆ ದ್ರಾವಣದಲ್ಲಿ ಎಷ್ಟು ಆಮ್ಲ ಬಿಡಿಯಾಗಿ ಓಡಾಡುತ್ತಿದೆ ಅನ್ನುವುದನ್ನು ಮಾತ್ರ. ಹಿಂದೆ ಎಷ್ಟು ದಾಸ್ತಾನು ಇದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಅಂಗಡಿಯಲ್ಲಿ ಸಿಗುವ 4 ಪರ್ಸೆಂಟ್ ವಿನೆಗರ್ ತೆಗೆದುಕೊಳ್ಳಿ. ಅದರ ಪಿಎಚ್ ಸುಮಾರು 2.5. ಇನ್ನೊಂದು ಬಾಟಲಿಯಲ್ಲಿ ಹೈಡ್ರೋಕ್ಲೋರಿಕ್ ಆಸಿಡನ್ನು, ಅಂದರೆ ಬಾತ್‌ರೂಮ್ ಆಸಿಡನ್ನು, ಇದೇ 2.5 ಪಿಎಚ್ ಬರುವಷ್ಟು ನೀರು ಬೆರೆಸಿ ತೆಳುಮಾಡಿದ್ದೀರಿ ಅಂದುಕೊಳ್ಳಿ. ಎರಡರ ಪಿಎಚ್ ಒಂದೇ. ಆದರೆ ಒಂದು ಲೀಟರ್ ವಿನೆಗರ್ ಲೆಕ್ಕದ ಪ್ರಕಾರ ಸುಮಾರು 33 ಗ್ರಾಂ ಸುಣ್ಣದ ಕಲೆಯನ್ನು ಕರಗಿಸಬಲ್ಲದು. ತೆಳು ಮಾಡಿದ ಆ ಆಸಿಡ್ ಒಂದು ಗ್ರಾಮಿನ ಐದನೇ ಒಂದು ಭಾಗವನ್ನೂ ಕರಗಿಸುವುದಿಲ್ಲ, ಅಷ್ಟರಲ್ಲೇ ಖಾಲಿ. ವಿನೆಗರ್‌ನ ಅಸಿಟಿಕ್ ಆಮ್ಲ ದುರ್ಬಲ ಆಮ್ಲ, ಬಹುಪಾಲು ಕಟ್ಟಿಕೊಂಡೇ ಕೂತಿರುತ್ತದೆ, ಬಿಡಿಯಾದದ್ದು ಖರ್ಚಾದ ಹಾಗೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಹೈಡ್ರೋಕ್ಲೋರಿಕ್ ಹಾಗಲ್ಲ, ಇದ್ದದ್ದೆಲ್ಲ ಮೊದಲೇ ಬಿಡಿಯಾಗಿರುತ್ತದೆ.

ಇದರಿಂದ ಉಪಯೋಗ ಏನು? ಸುಣ್ಣದ ಕಲೆ ತೆಗೆಯಲು ಉಗ್ರ ಆಸಿಡ್ ಬೇಕಿಲ್ಲ. ದುರ್ಬಲ ಆಮ್ಲ, ಸಾಕಷ್ಟು ಪ್ರಮಾಣ, ಒಂದೆರಡು ನಿಮಿಷ ಸಮಯ ಇದ್ದರೆ ಆಯಿತು. ಲೋಹಕ್ಕೂ ಚರ್ಮಕ್ಕೂ ಅಪಾಯ ಕಡಿಮೆ. ಕ್ಷಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ತೊಳೆಯುವ ಸೋಡಾದಂಥದ್ದರಲ್ಲಿ ದಾಸ್ತಾನು ಜಾಸ್ತಿ, ಎರಡು ಪಟ್ಟು ನೀರು ಬೆರೆಸಿದರೂ ಪಿಎಚ್ ಅಷ್ಟಾಗಿ ಇಳಿಯುವುದಿಲ್ಲ. "ನೀರು ಜಾಸ್ತಿ ಹಾಕಿದ್ದೀನಿ, ಏನೂ ಆಗಲ್ಲ" ಅಂತ ನಂಬಿ ಬಿಸಿಲಲ್ಲಿ ಬಿಟ್ಟು ಹೋಗಬೇಡಿ.

ಬಿಳಿ ಚುಕ್ಕೆಯ ಕಥೆ

ನಮ್ಮ ಜಿಲ್ಲೆಗಳಲ್ಲಿ ಕಾರಿನ ದೊಡ್ಡ ಶತ್ರು ಧೂಳಲ್ಲ, ತೊಳೆದ ನೀರೇ. ಬೋರ್ ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹನಿ ಆರಿದಾಗ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹಾರಿಹೋಗಿ ಉಳಿಯುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದೂ ಇದೇ. ಇದು ಮತ್ತೆ ನೀರಲ್ಲಿ ಕರಗುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಒಟ್ಟು ಲವಣ, 500ರೊಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಒಪ್ಪಬಹುದು. ಗಡಸುತನ, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣದ ಅಳತೆ, 200, ಗತಿಯಿಲ್ಲದಿದ್ದರೆ 600. ಇವೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ. ನಿಮ್ಮ ಬೋರಿನ ಟಿಡಿಎಸ್ 1,000 ಇದ್ದು, ತೊಳೆದ ಮೇಲೆ ಕಾರಿನ ಮೈಮೇಲೆ ಅರ್ಧ ಲೀಟರ್ ನೀರು ಉಳಿದು ಒಣಗಿತು ಅಂದರೆ ಅರ್ಧ ಗ್ರಾಂ ಲವಣವನ್ನು ನೀವೇ ಪೇಂಟಿನ ಮೇಲೆ ಸಮವಾಗಿ ಹರಡಿದಂತಾಯಿತು. ಪ್ರತಿ ವಾರ. ಟಿಡಿಎಸ್ ಮೀಟರ್ ಪೆನ್ನಿನಷ್ಟು ಚಿಕ್ಕದು, ಆರ್‌ಒ ಫಿಲ್ಟರ್ ರಿಪೇರಿಗೆ ಬರುವವರ ಹತ್ತಿರ ಇರುತ್ತದೆ, ಒಮ್ಮೆ ಅದ್ದಿ ನೋಡಿಸಿ.

ಈ ಸಂಬಂಧ ಒಂದು ಅಭ್ಯಾಸವನ್ನು ಹೇಳಲೇಬೇಕು. ಮನೆಯ ಆರ್‌ಒ ಫಿಲ್ಟರಿನಿಂದ ಹೊರಬರುವ ವೇಸ್ಟ್ ನೀರನ್ನು ಬಕೆಟ್ಟಲ್ಲಿ ಹಿಡಿದು ಕಾರು ತೊಳೆಯುವವರು ತುಂಬಾ ಜನ ಇದ್ದಾರೆ. ನೀರು ಉಳಿಸುವ ಮನಸ್ಸು ದೊಡ್ಡದು, ಕೋಲಾರದಲ್ಲಿ ಹುಟ್ಟಿದವರಿಗೆ ಅದು ರಕ್ತದಲ್ಲೇ ಇರುತ್ತದೆ. ಆದರೆ ಆ ನೀರಲ್ಲಿ ಲವಣ ಇನ್ನೂ ಗಟ್ಟಿಯಾಗಿರುತ್ತದೆ. ಒಳಗೆ ಬಂದದ್ದರಲ್ಲಿ ಅರ್ಧ ಶುದ್ಧ ನೀರಾಗಿ ಹೋದರೆ, ಉಳಿದ ಅರ್ಧದಲ್ಲಿ ಲವಣ ಹೆಚ್ಚುಕಡಿಮೆ ಎರಡು ಪಟ್ಟು. ಅದನ್ನು ಮ್ಯಾಟ್ ತೊಳೆಯಲು, ಚಕ್ರದ ಕೆಸರು ಬಿಡಿಸಲು, ಅಂಗಳ ತೊಳೆಯಲು ಬಳಸಿ. ಬಾನೆಟ್, ಗಾಜಿಗೆ ಕೊನೆಯ ನೀರಾಗಿ ಬೇಡ. ಕೊನೆಯ ನೀರಿಗೆ ಮಳೆ ನೀರಿಗಿಂತ ಒಳ್ಳೆಯದು ಇಲ್ಲ. ಮೊದಲ ಮಳೆ ಬಿಟ್ಟು, ಚಾವಣಿ ತೊಳೆದ ಮೇಲೆ ಹಿಡಿದ ನೀರಲ್ಲಿ ಖನಿಜ ಬಹಳ ಕಡಿಮೆ. ಅದೂ ಇಲ್ಲವಾದರೆ ಶುದ್ಧ ನೀರಿನ ಘಟಕದ ಕ್ಯಾನಿನಿಂದ ಒಂದೆರಡು ಲೀಟರ್ ಸ್ಪ್ರೇ ಬಾಟಲಿಗೆ ತುಂಬಿಸಿಕೊಂಡು ಸಿಂಪಡಿಸಿ ಒರೆಸಿದರೆ ಸಾಕು, ಇಡೀ ಕ್ಯಾನ್ ಸುರಿಯುವ ಅಗತ್ಯ ಇಲ್ಲ. ಅಷ್ಟೂ ಆಗದಿದ್ದರೆ ಬೆಳಿಗ್ಗೆ ಬೇಗ ಅಥವಾ ಸಂಜೆ ತೊಳೆದು ಹನಿ ಆರುವ ಮುಂಚೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಹನಿ ಆರದಿದ್ದರೆ ಕಲೆ ಹುಟ್ಟುವುದೇ ಇಲ್ಲ.

ಕೂತುಬಿಟ್ಟ ಕಲೆಗೆ ಸಮ ಪ್ರಮಾಣ ನೀರು ಬೆರೆಸಿದ ವಿನೆಗರ್. ಅಥವಾ ದಿನಸಿ ಅಂಗಡಿಯ ನಿಂಬೆ ಉಪ್ಪು, ಅದು ಸಿಟ್ರಿಕ್ ಆಮ್ಲ, ಕಾಲು ಲೀಟರ್ ನೀರಿಗೆ ಒಂದು ಟೀ ಚಮಚ. ಬಟ್ಟೆ ಅದ್ದಿ ತಣ್ಣಗಿರುವ ಬಾನೆಟ್ ಮೇಲೆ ಒಂದೆರಡು ನಿಮಿಷ ಹಾಸಿಡಿ, ತಿಕ್ಕಬೇಡಿ. ಆಮೇಲೆ ಚೆನ್ನಾಗಿ ತೊಳೆದು ಒರೆಸಿ. ಹೋದರೆ ಅದು ಸುಣ್ಣ. ಎರಡು ಸಲ ಮಾಡಿದರೂ ಹೋಗದಿದ್ದರೆ ಎರಡರಲ್ಲಿ ಒಂದು: ಒಂದೋ ಅದು ಸಿಲಿಕಾ, ಇಲ್ಲವೇ ಖನಿಜ ಬಿಸಿಲಲ್ಲಿ ಕಾದು ಪೇಂಟಿನ ಮೇಲ್ಪದರವನ್ನೇ ಕೊರೆದುಬಿಟ್ಟಿದೆ. ಗ್ರಾನೈಟ್ ಬಂಡೆಯ ನೀರಲ್ಲಿ ಸಿಲಿಕಾ ಇರುವುದು ಸಹಜ, ಅದು ವಿನೆಗರ್‌ಗೆ ಜಗ್ಗುವುದಿಲ್ಲ. ಆಗ ಇನ್ನೂ ಜೋರು ಆಸಿಡ್ ಹುಡುಕುವುದು ತಪ್ಪು ದಾರಿ. ಗಾಜಾದರೆ ಸೀರಿಯಂ ಆಕ್ಸೈಡ್ ಪಾಲಿಷ್, ಪೇಂಟಾದರೆ ನಯವಾದ ಪಾಲಿಷಿಂಗ್ ಕಾಂಪೌಂಡ್, ಅದೂ ಕೈ ಪಳಗಿದವರಿಂದ.

ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ನೀರಿನ ಕಲೆ ಬರುವುದಿಲ್ಲ ಅಂತ ಹೇಳಿ ಮಾರುವವರಿದ್ದಾರೆ. ಕೋಟಿಂಗ್ ಮೇಲೆ ನೀರು ಗುಂಡಗೆ ನಿಲ್ಲುತ್ತದೆ, ಆ ಗುಂಡು ಹನಿ ಇದ್ದಲ್ಲೇ ಆರಿದರೆ ಲವಣವೆಲ್ಲ ಒಂದೇ ಚುಕ್ಕೆಯಲ್ಲಿ ಸೇರುತ್ತದೆ. ಕೋಟಿಂಗ್‌ನಿಂದ ಬೇರೆ ಲಾಭ ಇದೆ. ಗಡಸು ನೀರಿಗೆ ಅದು ಪರಿಹಾರ ಅಲ್ಲ.

ಶಾಂಪೂ ಮಾಡುವ ಕೆಲಸ

ಸರ್ಫ್ಯಾಕ್ಟಂಟ್ ಅಣುವಿಗೆ ಎರಡು ತುದಿ. ಒಂದು ನೀರನ್ನು ಇಷ್ಟಪಡುತ್ತದೆ, ಇನ್ನೊಂದು ಎಣ್ಣೆಯನ್ನು. ಎಣ್ಣೆ ಇಷ್ಟಪಡುವ ತುದಿಗಳು ಜಿಡ್ಡಿನ ಕಣದ ಸುತ್ತ ಚುಚ್ಚಿಕೊಂಡು, ನೀರಿನ ತುದಿಗಳು ಹೊರಗೆ ನಿಂತು ಇಡೀ ಕಣವನ್ನು ನೀರಿಗೆ ಎಳೆದು ತರುತ್ತವೆ. ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಹಳೆ ಕಾಲದ ಸೋಪು ನಮ್ಮ ನೀರಲ್ಲಿ ಈ ಕೆಲಸಕ್ಕೆ ಬರುವುದಿಲ್ಲ. ಕ್ಯಾಲ್ಸಿಯಂ ಜೊತೆ ಸೇರಿ ನೊರೆ ಬರುವ ಬದಲು ಬಿಳಿ ಗಸಿ ಆಗುತ್ತದೆ, ಅದೇ ಕಾರಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಸೋಪು ಬಿಲ್ಲೆ ಬೇಡ. ಶಾಂಪೂಗಳಲ್ಲಿರುವ ಸೋಡಿಯಂ ಲಾರೆತ್ ಸಲ್ಫೇಟ್, ಕೊಕಾಮಿಡೊಪ್ರೊಪೈಲ್ ಬೀಟೈನ್ ಮುಂತಾದವು ಗಡಸು ನೀರಲ್ಲೂ ಕೆಲಸ ಮಾಡುತ್ತವೆ. ಬಾಟಲಿ ಹಿಂದೆ ಈ ಹೆಸರು ಕಂಡರೆ ಗಾಬರಿಯಾಗಬೇಡಿ, ತಲೆ ಶಾಂಪೂವಿನಲ್ಲೂ ಇರುವುದು ಇವೇ.

ಪಾತ್ರೆ ತೊಳೆಯುವ ಲಿಕ್ವಿಡ್ ಬಗ್ಗೆ ಅತಿಯಾದ ಭಯ ಬೇಡ. ಅದು ಪೇಂಟನ್ನು ತಿನ್ನುವುದಿಲ್ಲ. ಆದರೆ ಜಿಡ್ಡು ತೆಗೆಯುವ ಶಕ್ತಿ ಜಾಸ್ತಿ ಇರುವುದರಿಂದ ವ್ಯಾಕ್ಸನ್ನೂ ಸವೆಸುತ್ತದೆ. ಪಾಲಿಷ್ ಮಾಡುವ ಮುಂಚೆ ಒಮ್ಮೆ ಸರಿ, ಪ್ರತಿ ಭಾನುವಾರ ಬೇಡ. ಬಟ್ಟೆ ಸೋಪಿನ ಪುಡಿ ಮಾತ್ರ ಯಾವತ್ತೂ ಬೇಡ. ಅದರಲ್ಲಿ ತೊಳೆಯುವ ಸೋಡಾ ಇದೆ, ಪೂರ್ತಿ ಕರಗದ ಕಣಗಳೂ ಇರುತ್ತವೆ, ಅವು ಬಟ್ಟೆಗೆ ಸಿಕ್ಕಿಕೊಂಡು ಪೇಂಟನ್ನು ಗೀರುತ್ತವೆ.

ಗೀರಿನ ಮಾತು ಬಂತಲ್ಲ, ಶಾಂಪೂವಿನ ಇನ್ನೊಂದು ಕೆಲಸ ಜಾರಿಸುವುದು. ಚಿಕ್ಕಬಳ್ಳಾಪುರದ ಕಡೆ ಜಲ್ಲಿ ಕ್ರಷರ್ ಇರುವ ರಸ್ತೆಯಲ್ಲಿ ಓಡಾಡಿದ ಕಾರಿನ ಮೇಲೆ ಬೆರಳಾಡಿಸಿ ನೋಡಿ. ಆ ಬೂದು ಪುಡಿ ಮಣ್ಣಲ್ಲ, ಗ್ರಾನೈಟ್. ಅದರಲ್ಲಿರುವ ಕ್ವಾರ್ಟ್ಜ್‌ನ ಗಡಸುತನ ಮೋಸ್ ಅಳತೆಯಲ್ಲಿ 7, ಕಿಟಕಿ ಗಾಜಿನದು ಸುಮಾರು 5.5. ಗಾಜನ್ನೇ ಗೀರುವ ಪುಡಿ ಅದು. ಪೇಂಟಿನ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಇರುವುದೇ 40ರಿಂದ 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಇಂಥ ಪುಡಿಯನ್ನು ಬೆಳಿಗ್ಗೆ ಒಣ ಹಳದಿ ಬಟ್ಟೆಯಲ್ಲಿ ಒರೆಸುವುದು ಉಪ್ಪುಕಾಗದದಲ್ಲಿ ಉಜ್ಜಿದಂತೆ. ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರ ಬಲೆಯ ಥರ ಕಾಣುವ ಸುತ್ತು ಗೀರುಗಳು ಬರುವುದು ಹೀಗೇ, ಯಾವ ಕೆಮಿಕಲ್ಲಿನಿಂದಲೂ ಅಲ್ಲ. ಮೊದಲು ನೀರು ಹಾಯಿಸಿ ಪುಡಿ ಇಳಿಸಿ, ಆಮೇಲೆ ನೊರೆ, ಆಮೇಲೆ ಕೈ.

ಮೈಕ್ರೋಫೈಬರ್ ಬಟ್ಟೆಯನ್ನು ಕಂಫರ್ಟ್ ಥರದ ಸಾಫ್ಟ್‌ನರ್ ಹಾಕಿ ತೊಳೆಯಬೇಡಿ. ಅದರಲ್ಲಿರುವ ಧನ ವಿದ್ಯುದಂಶದ ಅಣುಗಳು ಎಳೆಗಳಿಗೆ ಮೆತ್ತಿಕೊಂಡು ಬಟ್ಟೆ ನೀರು ಹೀರುವುದನ್ನೇ ನಿಲ್ಲಿಸುತ್ತದೆ.

ಚಕ್ರ, ಕಬ್ಬಿಣ, ಅಲ್ಯೂಮಿನಿಯಂ

ಅಲಾಯ್ ವೀಲ್ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ ಸ್ವಭಾವ ವಿಚಿತ್ರ, ಜೋರು ಆಮ್ಲವೂ ತಿನ್ನುತ್ತದೆ, ಜೋರು ಕ್ಷಾರವೂ ತಿನ್ನುತ್ತದೆ. ಟಾಯ್ಲೆಟ್ ಕ್ಲೀನರಿನ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೂ ಹೈಡ್ರೋಜನ್ ಗುಳ್ಳೆ, ಕಾಸ್ಟಿಕ್ ಸೋಡಾ ಹಾಕಿದರೂ ಹೈಡ್ರೋಜನ್ ಗುಳ್ಳೆ. ಮೇಲೆ ಲ್ಯಾಕರ್, ಅಂದರೆ ಪಾರದರ್ಶಕ ಪೇಂಟ್ ಪದರ, ಇರುವವರೆಗೆ ರಕ್ಷಣೆ ಇದೆ, ಕಲ್ಲು ಬಡಿದು ಲ್ಯಾಕರ್ ಎದ್ದ ಜಾಗದಲ್ಲಿ ಇಲ್ಲ. ಮೊದಲ ಸಲ ಪಳಪಳ ಹೊಳೆಯುತ್ತದೆ, ನಿಜ. ಹೊಳೆಯುವುದು ಲೋಹ ಕರಗಿ ಹೊಸ ಮೈ ಹೊರಬಂದಿದ್ದಕ್ಕೆ. ವೀಲಿಗೆ 7ರ ಆಸುಪಾಸಿನದೇ ಬೇಕು.

ವೀಲಿನ ಕಂದು ಕಲೆ ಬಹುಪಾಲು ಕಬ್ಬಿಣ. ಬ್ರೇಕ್ ಹಾಕಿದಾಗ ಬೀಡುಕಬ್ಬಿಣದ ಡಿಸ್ಕ್ ಸವೆದು ಬಿಸಿ ಪುಡಿ ಹಾರಿ ಬಂದು ಲ್ಯಾಕರಿಗೆ ಅಂಟಿ ತುಕ್ಕಾಗುತ್ತದೆ. ಬಂಗಾರಪೇಟೆ ಸ್ಟೇಷನ್ ಪಕ್ಕ ದಿನಾ ಕಾರು ನಿಲ್ಲಿಸಿ ರೈಲು ಹತ್ತುವವರು ಬಿಳಿ ಕಾರಿನ ಚಾವಣಿಯನ್ನು ಹತ್ತಿರದಿಂದ ನೋಡಿ, ಸೂಜಿ ಮೊನೆಯಷ್ಟು ಕಿತ್ತಳೆ ಚುಕ್ಕೆಗಳು ಕಂಡರೆ ಅದೂ ಕಬ್ಬಿಣವೇ, ಹಳಿ ಮತ್ತು ಗಾಲಿ ತಿಕ್ಕಿದ ಪುಡಿ. ವೆಲ್ಡಿಂಗ್ ಶಾಪ್, ಗ್ರೈಂಡಿಂಗ್ ನಡೆಯುವ ಜಾಗದ ಪಕ್ಕವೂ ಹೀಗೇ. ಇದಕ್ಕೆ ಐರನ್ ರಿಮೂವರ್ ಅಂತ ಸಿಗುತ್ತದೆ. ಒಳಗಿರುವುದು ಥಯೋಗ್ಲೈಕೋಲೇಟ್ ಲವಣ, ಕೂದಲು ತೆಗೆಯುವ ಕ್ರೀಮಿನಲ್ಲಿರುವ ಕುಟುಂಬದ್ದೇ, ಅದಕ್ಕೇ ಅಷ್ಟು ಗಂಧಕದ ವಾಸನೆ. ಕಬ್ಬಿಣ ಸಿಕ್ಕಿದ ಕೂಡಲೇ ನೇರಳೆ ಬಣ್ಣವಾಗಿ ಕೆಳಗೆ ಸೋರುತ್ತದೆ. ಆಮ್ಲದ ಬಲದಿಂದ ತಿನ್ನದೆ ಕಬ್ಬಿಣವನ್ನು ಹಿಡಿದುಕೊಂಡು ಎತ್ತುವುದರಿಂದ ಇದು ನ್ಯೂಟ್ರಲ್ ಪಿಎಚ್‌ನಲ್ಲೂ ಕೆಲಸ ಮಾಡುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಒಣಗಲು ಬಿಡಬೇಡಿ, ನೇರಳೆ ಬಣ್ಣ ಬರದಿದ್ದರೆ ಮತ್ತೆ ಸುರಿಯಬೇಡಿ, ಅಲ್ಲಿ ಕಬ್ಬಿಣ ಇಲ್ಲ ಅಂತಲೇ ಅರ್ಥ.

ಟಾರು, ಸೊನೆ, ಥಿನ್ನರ್

ಎಣ್ಣೆ ಎಣ್ಣೆಯಲ್ಲಿ ಕರಗುತ್ತದೆ, ನೀರಿನಂಥದ್ದು ನೀರಲ್ಲಿ. ಟಾರು ಪೆಟ್ರೋಲಿಯಂ ವಸ್ತು, ಸೀಮೆಎಣ್ಣೆಯಂಥ ಸಾಲ್ವೆಂಟಿಗೆ ಬಿಡುತ್ತದೆ. ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಮರದ ಕೆಳಗೆ ನಿಲ್ಲಿಸಿದ ಕಾರಿಗೆ ಬೀಳುವ ಸೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒದ್ದೆ ಮಾಡಿದ ಬಟ್ಟೆ. ಟೊಮೆಟೊ ಕ್ರೇಟಿನ ರಸ ಸೋರಿದ್ದಕ್ಕೆ ಯಾವ ಕೆಮಿಕಲ್ಲೂ ಬೇಡ, ಒಣಗುವ ಮುಂಚೆ ಬರೀ ನೀರು ಸಾಕು. ಹಕ್ಕಿ ಹಿಕ್ಕೆಗೂ ಅಷ್ಟೇ, ಒದ್ದೆ ಬಟ್ಟೆ ಹಾಸಿ ನೆನೆಸಿ ಎತ್ತಿ. ಆದರೆ ಅದೇ ದಿನ.

ಥಿನ್ನರ್ ವಿಷಯದಲ್ಲಿ ಒಂದು ಎಚ್ಚರ. ಕಂಪನಿಯಿಂದ ಬಂದ ಪೇಂಟ್ ಒಲೆಯಲ್ಲಿ ಬೇಯಿಸಿದ್ದು, ಅಣುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗುದ್ದಿಸಿಕೊಂಡ ಮೇಲೆ ಹೊರಗೆ ಟಚಪ್ ಮಾಡಿಸಿದ ಡೋರು, ಬಂಪರ್ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಆಗಿದ್ದರೆ ಹಾಗಲ್ಲ, ಅದು ಬರೀ ಒಣಗಿದ ಪೇಂಟ್, ಥಿನ್ನರ್ ತಾಕಿದರೆ ಮತ್ತೆ ಕರಗಿ ಬಟ್ಟೆಗೆ ಬಣ್ಣ ಬರುತ್ತದೆ. ಪಿಯು (ಪಾಲಿಯುರೆಥೇನ್) ಪೇಂಟ್ ಆದರೆ ತಡೆಯುತ್ತದೆ. ಪೇಂಟ್ ಮಾಡಿಸುವಾಗಲೇ ಎನ್‌ಸಿಯಾ ಪಿಯುವಾ ಅಂತ ಕೇಳಿಟ್ಟುಕೊಳ್ಳಿ. ಹೆಡ್‌ಲೈಟಿಗೆ ಥಿನ್ನರ್, ಪೆಟ್ರೋಲ್ ಎರಡೂ ಬೇಡವೇ ಬೇಡ. ಅದು ಗಾಜಲ್ಲ, ಪಾಲಿಕಾರ್ಬೊನೇಟ್, ಒಳಗೊಳಗೇ ಕೂದಲಿನಂಥ ಬಿರುಕು ಬಿಡುತ್ತದೆ, ಅದನ್ನು ಸರಿಮಾಡಲು ಆಗುವುದಿಲ್ಲ. ಅಂಡರ್‌ಬಾಡಿಗೆ ಡೀಸೆಲ್ ಹೊಡೆಸುವುದು ನಮ್ಮಲ್ಲಿ ಹಳೆ ರೂಢಿ, ಹೊಸದರಂತೆ ಕಾಣುತ್ತದೆ, ಆದರೆ ರಬ್ಬರ್ ಬುಷ್‌ಗಳು ಅದನ್ನು ಹೀರಿ ಊದಿಕೊಳ್ಳುತ್ತವೆ, ಬೇಡ ಅನ್ನಿ. ಒಳಗಿನ ಟಚ್ ಸ್ಕ್ರೀನಿಗೆ ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಬೇಡ, ಒದ್ದೆ ಮೈಕ್ರೋಫೈಬರ್ ಸಾಕು.

ಜೀವಕ್ಕೆ ಸಂಬಂಧಿಸಿದ್ದು

ಇಲ್ಲಿವರೆಗೆ ಪೇಂಟಿನ ಮಾತು. ಇನ್ನು ಮೈಯ ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ.

ಕೆಲವು ವೀಲ್ ಕ್ಲೀನರ್, ಗಾಜಿನ ಕಲೆ ತೆಗೆಯುವ ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಸಿಲಿಕಾವನ್ನು ನಿಜವಾಗಿ ಕರಗಿಸುವುದು ಇದೇ, ಆದ್ದರಿಂದ ನಮ್ಮ ಕಡೆಯ ಬಿಳಿ ಕಲೆಗೆ ಮಾಯ ಮಾಡಿದಂತೆ ಕೆಲಸ ಮಾಡುತ್ತದೆ. ಆದರೆ ಗಾಜನ್ನೂ ತಿನ್ನುತ್ತದೆ. ಚರ್ಮಕ್ಕೆ ತಾಕಿದರೆ ತೆಳು ದ್ರಾವಣದಲ್ಲಿ ಕೂಡಲೇ ಉರಿ ಗೊತ್ತಾಗದೆ ಗಂಟೆಗಟ್ಟಲೆ ಆದಮೇಲೆ ನೋವು ಶುರುವಾಗಬಹುದು. ಅಷ್ಟರಲ್ಲಿ ಫ್ಲೋರೈಡ್ ಒಳಗೆ ಇಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿಯುತ್ತಿರುತ್ತದೆ, ಜಾಸ್ತಿಯಾದರೆ ಹೃದಯದ ಬಡಿತಕ್ಕೇ ತೊಂದರೆ. ಹಲ್ಲಿನ ಮೇಲೆ ಫ್ಲೋರೈಡಿನ ಕಲೆ ನೋಡಿ ಬೆಳೆದ ಜಿಲ್ಲೆ ನಮ್ಮದು, ಬಾಟಲಿಯಲ್ಲಿ ದುಡ್ಡು ಕೊಟ್ಟು ತರುವುದು ಬೇಡ. ಲೇಬಲ್‌ನಲ್ಲಿ "ಫ್ಲೋರೈಡ್", "ಫ್ಲೋರಿಕ್" ಅನ್ನುವ ಪದ ಕಂಡರೆ ಕೆಳಗಿಡಿ. ಎಲ್ಲಾದರೂ ತಾಕಿದರೆ ತಕ್ಷಣ ಧಾರಾಳ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ನೋವು ಬರಲಿ ಅಂತ ಕಾಯಬೇಡಿ, ಬಾಟಲಿ ಜೊತೆಗೆ ಒಯ್ದು ಫ್ಲೋರೈಡ್ ಅಂತಲೇ ವೈದ್ಯರಿಗೆ ಹೇಳಿ. ಅದಕ್ಕೆ ಕೊಡುವ ಕ್ಯಾಲ್ಸಿಯಂ ಗ್ಲೂಕೊನೇಟ್ ಬೇರೆ ಆಸಿಡ್ ಸುಟ್ಟಗಾಯದ ಔಷಧಿ ಅಲ್ಲ, ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ವಾಟರ್ ಸರ್ವಿಸ್‌ನಲ್ಲಿ ಬರಿಗೈಲಿ ದಿನವಿಡೀ ಕೆಲಸ ಮಾಡುವ ಹುಡುಗರಿಗೆ ಈ ಮಾತು ಮುಟ್ಟಬೇಕು. ಗಾಡಿ ಬಿಟ್ಟಾಗ "ವೀಲಿಗೆ ಏನು ಹಾಕ್ತೀರಪ್ಪಾ, ಬಾಟಲಿ ತೋರಿಸಿ" ಅಂತ ಕೇಳಿ.

ಎರಡನೆಯದು ಬೆರಕೆ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯ ಸೇರಿದರೆ ಕ್ಲೋರಮೈನ್. ಮುಚ್ಚಿದ ಗ್ಯಾರೇಜಲ್ಲಿ ಎರಡೂ ಶ್ವಾಸಕೋಶಕ್ಕೆ ಅಪಾಯ. ಒಂದು ಕ್ಲೀನರ್ ಪೂರ್ತಿ ತೊಳೆದ ಮೇಲೆ ಇನ್ನೊಂದು.

ಕೊಳ್ಳುವಾಗ

ಬಾಟಲಿಯ ಮುಂದಿನ ಮಾತಿಗಿಂತ ಹಿಂದಿನ ಸಣ್ಣ ಅಕ್ಷರ ಮುಖ್ಯ. ಅಲ್ಲೂ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಸೇಫ್ಟಿ ಡೇಟಾ ಶೀಟ್ ಹುಡುಕಿ. ಅದರಲ್ಲಿ 16 ಭಾಗ ಇರುತ್ತದೆ, ಎಲ್ಲ ಓದಬೇಕಿಲ್ಲ. 2ನೇ ಭಾಗದಲ್ಲಿ ಅಪಾಯ, 3ನೇ ಭಾಗದಲ್ಲಿ ಏನೇನು ಸೇರಿಸಿದ್ದಾರೆ, 9ನೇ ಭಾಗದಲ್ಲಿ ಪಿಎಚ್. ಈ ಮೂರು ಓದಲು ಐದು ನಿಮಿಷ ಸಾಕು. ಕೈ ಮತ್ತು ಲೋಹದ ಮೇಲೆ ದ್ರವ ಸುರಿದು ತಿನ್ನುತ್ತಿರುವ ಚಿತ್ರ ಇದ್ದರೆ ಅದು ಸುಡುವ ವಸ್ತು, ವಾಸನೆ ಎಷ್ಟೇ ನಿಂಬೆಹಣ್ಣಿನದಾಗಿರಲಿ. ಡೇಟಾ ಶೀಟೇ ಕೊಡದ ಕಂಪನಿಯ ವೀಲ್ ಕ್ಲೀನರನ್ನು ನಾನಂತೂ ಮನೆಗೆ ತರುವುದಿಲ್ಲ. ಶಾಂಪೂ ಆದರೆ ಅಷ್ಟು ಚಿಂತೆ ಇಲ್ಲ, ಅರಿಶಿನದ ಪಟ್ಟಿ ಇದ್ದೇ ಇದೆಯಲ್ಲ.

ದುಡ್ಡು ಕಡಿಮೆ ಇದ್ದರೆ ಮೊದಲು ಎರಡು ಒಳ್ಳೆ ಮೈಕ್ರೋಫೈಬರ್ ಬಟ್ಟೆ, ಆಮೇಲೆ ನ್ಯೂಟ್ರಲ್ ಶಾಂಪೂ, ವಿನೆಗರ್ ಅಡುಗೆಮನೆಯಲ್ಲೇ ಇರುತ್ತದೆ. ಐರನ್ ರಿಮೂವರ್ ವರ್ಷಕ್ಕೆ ಒಂದೆರಡು ಸಲ ಬೇಕಾಗುವುದು, ನಾಲ್ಕು ಮನೆಯವರು ಸೇರಿ ಒಂದು ಬಾಟಲಿ ತಂದರೂ ಆಗುತ್ತದೆ. ಹಂಚಿಕೊಳ್ಳುವಾಗ ಮಾತ್ರ ಖಾಲಿ ಕೂಲ್‌ಡ್ರಿಂಕ್ಸ್ ಬಾಟಲಿಗೋ ನೀರಿನ ಬಾಟಲಿಗೋ ಸುರಿದು ಕೊಡಬೇಡಿ. ಬಣ್ಣ ನೋಡಿ ಮಕ್ಕಳು ಬಾಯಿಗೆ ಇಡುತ್ತಾರೆ. ಕಂಪನಿಯ ಬಾಟಲಿಯನ್ನೇ, ಲೇಬಲ್ ಸಮೇತ, ಒಬ್ಬರಾದ ಮೇಲೆ ಒಬ್ಬರು ಒಯ್ದು ಬಳಸಿ ತಂದಿಡಿ.